ಕೈಗಾರಿಕಾ ಬಣ್ಣದ ಕೆಲಸಕ್ಕೂ ಬೇಕು ಪ್ರಮಾಣಪತ್ರ: ಗುತ್ತಿಗೆದಾರರು, ಇನ್‌ಸ್ಪೆಕ್ಟರುಗಳು ತಿಳಿಯಬೇಕಾದ ವಿವರ

ಸೊಲ್ಲಾಪುರ: ಕಬ್ಬು ನುರಿಸುವ ಹಂಗಾಮು ಮುಗಿದು ಕಾರ್ಖಾನೆಗಳ ಗಾಣ ನಿಂತ ಕೂಡಲೇ ನಮ್ಮ ಜಿಲ್ಲೆಯಲ್ಲಿ ಇನ್ನೊಂದು ಹಂಗಾಮು ಶುರುವಾಗುತ್ತದೆ. ಅದು ದುರಸ್ತಿಯ ಹಂಗಾಮು. ಕಾಕಂಬಿ ಟ್ಯಾಂಕು, ರಸದ ಕೊಳವೆ, ಶೆಡ್ಡಿನ ಉಕ್ಕಿನ ಕಂಬಗಳೆಲ್ಲ ಆಗ ಹೊಸ ಬಣ್ಣ ಕಾಣುತ್ತವೆ. ಈ ಕೆಲಸಕ್ಕೆ ಬರುವ ಇಬ್ಬರು ಗುತ್ತಿಗೆದಾರರಲ್ಲಿ ಒಬ್ಬರು ಹೇಳುವ ದರ ಇನ್ನೊಬ್ಬರ ದರದ ಅರ್ಧದಷ್ಟಿರುವುದೂ ಉಂಟು. ಕೆಲಸ ಮುಗಿದ ದಿನ ಇಬ್ಬರು ಬಳಿದ ಟ್ಯಾಂಕುಗಳೂ ಒಂದೇ ರೀತಿ ಹೊಳೆಯುತ್ತವೆ. ವ್ಯತ್ಯಾಸ ತಿಳಿಯುವುದು ಎರಡು ಮಳೆಗಾಲ ಕಳೆದ ಮೇಲೆ. ಅಷ್ಟರಲ್ಲಿ ಬಿಲ್ಲು ಪಾಸಾಗಿರುತ್ತದೆ, ಗುತ್ತಿಗೆದಾರರು ಬೇರೆ ಊರಿನ ಕೆಲಸ ಹಿಡಿದಿರುತ್ತಾರೆ.

'ಮೇಲೆ ಥಳುಕು, ಒಳಗೆ ಹುಳುಕು' ಎಂಬ ಗಾದೆ ಈ ಕಸುಬಿಗೆ ಹೇಳಿ ಮಾಡಿಸಿದಂತಿದೆ. ಒಳಗಿನ ಹುಳುಕನ್ನು ಬಣ್ಣ ಬಳಿಯುವ ಮೊದಲೇ ಹಿಡಿಯಬಲ್ಲವರು ಯಾರು, ಅವರಿಗೆ ಆ ಅರ್ಹತೆ ಇದೆ ಎಂದು ಹೇಳುವವರು ಯಾರು? ಈ ಪ್ರಶ್ನೆಗೆ ಉತ್ತರವಾಗಿ ಹುಟ್ಟಿದ್ದೇ ಕೈಗಾರಿಕಾ ರಕ್ಷಣಾ ಲೇಪನದ ವೃತ್ತಿ ಪ್ರಮಾಣಪತ್ರಗಳು. ಸೊಲ್ಲಾಪುರ, ಅಕ್ಕಲಕೋಟೆ ಭಾಗದ ಕಾರ್ಖಾನೆಗಳು, ಸಣ್ಣ ಗುತ್ತಿಗೆದಾರರು, ಪೇಂಟರುಗಳು ಮತ್ತು ಕೆಲಸ ಹುಡುಕುತ್ತಿರುವ ಯುವಕರಿಗೆ ಅವುಗಳ ಪರಿಚಯ ಇಲ್ಲಿದೆ.

ರಕ್ಷಣಾ ಲೇಪನ ಎಂದರೇನು?

ಮನೆಯ ಗೋಡೆಗೆ ಬಳಿಯುವ ಬಣ್ಣ ಅಂದಕ್ಕೆ. ಉಕ್ಕಿಗೆ ಬಳಿಯುವ ಕೈಗಾರಿಕಾ ಬಣ್ಣ ಆಯುಷ್ಯಕ್ಕೆ. ಗಾಳಿಯ ಆಮ್ಲಜನಕ ಮತ್ತು ತೇವ ಉಕ್ಕನ್ನು ಮುಟ್ಟಿದರೆ ತುಕ್ಕು ಹಿಡಿಯುತ್ತದೆ. ಅವೆರಡನ್ನೂ ತಡೆಯುವ ಗೋಡೆಯೇ ಲೇಪನ. ಸಾಮಾನ್ಯವಾಗಿ ಇದರಲ್ಲಿ ಮೂರು ಪದರಗಳಿರುತ್ತವೆ. ಕೆಳಗೆ ಉಕ್ಕನ್ನು ಹಿಡಿದುಕೊಳ್ಳುವ ಪ್ರೈಮರ್ (ಹೆಚ್ಚಾಗಿ ಸತುವಿನ ಪುಡಿ ತುಂಬಿದ ಜಿಂಕ್ ಪ್ರೈಮರ್), ನಡುವೆ ದಪ್ಪನೆಯ ಎಪಾಕ್ಸಿ, ಮೇಲೆ ಬಿಸಿಲು ತಡೆಯುವ ಪಾಲಿಯುರೆಥೇನ್. ಮೂರೂ ಸೇರಿ ಒಂದು ಮಿಲಿಮೀಟರಿನ ಕಾಲು ಭಾಗದಷ್ಟೂ ದಪ್ಪ ಇರದಿರಬಹುದು. ಅಷ್ಟು ತೆಳುವಾದ ಪದರವನ್ನು ನಂಬಿ ಕೋಟ್ಯಂತರ ರೂಪಾಯಿಯ ಟ್ಯಾಂಕು, ಸೇತುವೆ, ಕೊಳವೆಗಳು ನಿಂತಿರುತ್ತವೆ.

ತುಕ್ಕಿನಿಂದ ಆಗುವ ನಷ್ಟ ಸಣ್ಣದಲ್ಲ. ಅಮೆರಿಕದ ನೇಸ್ ಸಂಸ್ಥೆ 2016ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಜಗತ್ತಿನಲ್ಲಿ ತುಕ್ಕಿನ ವಾರ್ಷಿಕ ವೆಚ್ಚ ಸುಮಾರು 2.5 ಲಕ್ಷ ಕೋಟಿ ಡಾಲರ್. ಅಂದರೆ ಜಗತ್ತಿನ ಒಟ್ಟು ಉತ್ಪನ್ನದ ಶೇಕಡಾ 3.4ರಷ್ಟು. ಗೊತ್ತಿರುವ ವಿಧಾನಗಳನ್ನೇ ಸರಿಯಾಗಿ ಬಳಸಿದರೆ ಇದರಲ್ಲಿ ಗಣನೀಯ ಪಾಲನ್ನು ಉಳಿಸಬಹುದು ಎಂದೂ ಆ ಅಧ್ಯಯನ ಹೇಳಿತು.

ನಮ್ಮ ಜಿಲ್ಲೆಯಲ್ಲಿ ಇದಕ್ಕೇನು ಕೆಲಸ?

ಸಮುದ್ರ ದೂರ, ಮಳೆ ಕಡಿಮೆ, ಬಿಸಿಲು ಜಾಸ್ತಿ. ಹೀಗಾಗಿ ಸೊಲ್ಲಾಪುರದಲ್ಲಿ ತುಕ್ಕಿನ ಚಿಂತೆ ಇಲ್ಲ ಎಂದು ಹಲವರು ತಿಳಿಯುತ್ತಾರೆ. ಗಾಳಿಯ ಮಟ್ಟಿಗೆ ಈ ಮಾತು ಬಹುಪಾಲು ನಿಜ. ಆದರೆ ನಮ್ಮ ಕೈಗಾರಿಕೆಗಳ ಒಳಗಿನ ಹವೆ ಬೇರೆ.

ಮಹಾರಾಷ್ಟ್ರದಲ್ಲಿ ಅತಿ ಹೆಚ್ಚು ಸಕ್ಕರೆ ಕಾರ್ಖಾನೆಗಳಿರುವ ಜಿಲ್ಲೆಗಳ ಸಾಲಿನಲ್ಲಿ ಸೊಲ್ಲಾಪುರವೂ ಇದೆ. ಹುಳಿ ಗುಣದ ಕಬ್ಬಿನ ರಸ, ಹಬೆ, ಒದ್ದೆ ಸಿಪ್ಪೆಗಳ ನಡುವೆ ಉಕ್ಕು ಬೇಗ ಸವೆಯುತ್ತದೆ. ಅದರ ಮೇಲೆ ವರ್ಷದ ಅರ್ಧ ಭಾಗ ಯಂತ್ರಗಳು ನಿಂತೇ ಇರುತ್ತವೆ. ನಿಂತ ಯಂತ್ರಕ್ಕೆ ತುಕ್ಕು ಹೆಚ್ಚು. ಇತ್ತೀಚಿನ ವರ್ಷಗಳಲ್ಲಿ ಎಥನಾಲ್ ಟ್ಯಾಂಕುಗಳೂ ಸೇರಿಕೊಂಡಿವೆ. ಎಥನಾಲ್ ತಾಳುವ ಒಳಲೇಪನವೇ ಬೇರೆ, ಸಾಮಾನ್ಯ ಬಣ್ಣ ಅಲ್ಲಿ ನಿಲ್ಲುವುದಿಲ್ಲ.

ದಕ್ಷಿಣ ಸೊಲ್ಲಾಪುರ ತಾಲ್ಲೂಕಿನ ಫತಾಟೇವಾಡಿ, ಆಹೇರವಾಡಿ ಬಳಿ ಎನ್‌ಟಿಪಿಸಿಯ 1,320 ಮೆಗಾವ್ಯಾಟ್ ವಿದ್ಯುತ್ ಸ್ಥಾವರವಿದೆ. ತಲಾ 660 ಮೆಗಾವ್ಯಾಟಿನ ಅದರ ಎರಡು ಘಟಕಗಳು 2017 ಮತ್ತು 2019ರಲ್ಲಿ ವಾಣಿಜ್ಯ ಉತ್ಪಾದನೆ ಆರಂಭಿಸಿದವು. ಹೋಟಗಿ ಕಡೆ ಸಿಮೆಂಟ್ ಘಟಕಗಳಿವೆ. ಪಾಕಣಿಯಲ್ಲಿ ತೈಲ ಕಂಪನಿಗಳ ಡಿಪೋಗಳಿವೆ. ಹಿಂದೂಸ್ತಾನ್ ಪೆಟ್ರೋಲಿಯಂನ ಮುಂಬೈ–ಪುಣೆ–ಸೊಲ್ಲಾಪುರ ತೈಲ ಕೊಳವೆ ಮಾರ್ಗದ ಕೊನೆಯ ತುದಿ ನಮ್ಮ ಜಿಲ್ಲೆಯಲ್ಲೇ ಇದೆ. ಚಿಂಚೋಳಿ ಮತ್ತು ಅಕ್ಕಲಕೋಟೆ ರಸ್ತೆಯ ಎಂಐಡಿಸಿಗಳಲ್ಲಿ ರಾಸಾಯನಿಕ, ಜವಳಿ, ಯಂತ್ರಭಾಗಗಳ ಕಾರ್ಖಾನೆಗಳಿವೆ.

ನೆಲದೊಳಗಿನ ಕಥೆ ಇನ್ನೂ ಬೇರೆ. ಉಜನಿ ಜಲಾಶಯದಿಂದ ಸೊಲ್ಲಾಪುರ ನಗರಕ್ಕೆ ನೀರು ತರುವ ಕೊಳವೆ ಮಾರ್ಗ ನೂರು ಕಿಲೋಮೀಟರಿಗೂ ಉದ್ದ. ನಮ್ಮ ಎರೆಭೂಮಿ ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ. ಹೂತಿಟ್ಟ ಉಕ್ಕಿನ ಕೊಳವೆಯ ಮೇಲಿನ ಲೇಪನವನ್ನು ಈ ಮಣ್ಣು ಪ್ರತಿ ವರ್ಷ ಹಿಡಿದು ಎಳೆಯುತ್ತದೆ. ತೇವ ಹಿಡಿದಿಟ್ಟುಕೊಳ್ಳುವ ಗುಣವೂ ಇದಕ್ಕೆ ಹೆಚ್ಚು. ಲೇಪನದಲ್ಲಿ ಸೂಜಿಮೊನೆಯಷ್ಟು ತೂತು ಉಳಿದರೂ ತುಕ್ಕು ಅಲ್ಲಿಂದಲೇ ಒಳಗೆ ಕೊರೆಯುತ್ತದೆ.

ಪ್ರಮಾಣಪತ್ರ ಏಕೆ ಬೇಕಾಯಿತು?

ಬಣ್ಣದ ಕೆಲಸದಲ್ಲಿ ಹೆಚ್ಚಿನ ಸೋಲು ಡಬ್ಬಿಯೊಳಗಿನ ಬಣ್ಣದಿಂದ ಬರುವುದಿಲ್ಲ. ಬಳಿಯುವ ಮುಂಚಿನ ತಯಾರಿಯಲ್ಲಿ ಬರುತ್ತದೆ. ಹಳೆ ತುಕ್ಕು, ಧೂಳು, ಎಣ್ಣೆ, ಉಪ್ಪಿನಂಶ ಬಿಟ್ಟು ಮೇಲೆ ಎಷ್ಟೇ ದುಬಾರಿ ಎಪಾಕ್ಸಿ ಹಾಕಿದರೂ ಅದು ಹಪ್ಪಳದಂತೆ ಎದ್ದು ಬರುತ್ತದೆ. ಒಮ್ಮೆ ಪ್ರೈಮರ್ ಬಿದ್ದ ಮೇಲೆ ಕೆಳಗೆ ಏನಿತ್ತು ಎಂದು ಕಣ್ಣಿನಿಂದ ಹೇಳಲಾಗದು. ಆದ್ದರಿಂದ ಸರಿಯಾದ ಹೊತ್ತಿನಲ್ಲಿ ಸ್ಥಳದಲ್ಲಿದ್ದು ಅಳೆದು ಬರೆದಿಡುವ ಮೂರನೆಯ ವ್ಯಕ್ತಿ ಬೇಕು.

ಈ ಅಗತ್ಯ ಕಾನೂನಿನ ಮಾತಾದದ್ದು ಹಡಗುಗಳ ವಿಷಯದಲ್ಲಿ. ಅಂತರರಾಷ್ಟ್ರೀಯ ಕಡಲ ಸಂಸ್ಥೆ 2006ರ ಡಿಸೆಂಬರಿನಲ್ಲಿ ಹಡಗಿನ ನೀರಿನ ಟ್ಯಾಂಕುಗಳ ಲೇಪನಕ್ಕೆ ಒಂದು ಮಾನದಂಡ ಒಪ್ಪಿತು. ಲೇಪನ ಪರಿಶೀಲಿಸುವವರು ನೇಸ್‌ನ ಎರಡನೇ ಹಂತ, ಫ್ರೋಸಿಯೋದ ಮೂರನೇ ಹಂತ ಅಥವಾ ಅದಕ್ಕೆ ಸಮನಾದ ಅರ್ಹತೆ ಹೊಂದಿರಬೇಕು ಎಂದು ಅದರಲ್ಲೇ ಬರೆಯಲಾಯಿತು. ಹಡಗುಕಟ್ಟೆಗಳಿಂದ ತೈಲ ಕಂಪನಿ, ವಿದ್ಯುತ್ ಸ್ಥಾವರ, ಸೇತುವೆಗಳ ಟೆಂಡರುಗಳವರೆಗೆ ಇಂಥ ಷರತ್ತು ಇಂದು ಸಾಮಾನ್ಯ.

ಕೆಲಸ ಸರಿಯಾದರೆ ಏನಾಗುತ್ತದೆ ಎಂಬುದಕ್ಕೆ ಸ್ಕಾಟ್ಲೆಂಡಿನ ಫೋರ್ತ್ ರೈಲು ಸೇತುವೆ ಉದಾಹರಣೆ. ಒಂದು ತುದಿಯಿಂದ ಬಣ್ಣ ಬಳಿಯುತ್ತ ಇನ್ನೊಂದು ತುದಿ ತಲುಪುವಷ್ಟರಲ್ಲಿ ಮತ್ತೆ ಮೊದಲಿನಿಂದ ಶುರು ಮಾಡಬೇಕು ಎಂಬ ಮಾತು ಆ ಸೇತುವೆಯ ಬಗ್ಗೆ ಲೋಕಪ್ರಸಿದ್ಧವಾಗಿತ್ತು. ಸುಮಾರು ಹತ್ತು ವರ್ಷ ಹಿಡಿದು, ಹಳೆ ಬಣ್ಣವನ್ನೆಲ್ಲ ಉಕ್ಕು ಕಾಣುವವರೆಗೆ ತೆಗೆದು, ಮೂರು ಪದರಗಳ ಹೊಸ ಲೇಪನ ಹಾಕಿ 2011ರ ಡಿಸೆಂಬರಿನಲ್ಲಿ ಕೆಲಸ ಮುಗಿಸಲಾಯಿತು. ಕನಿಷ್ಠ 25 ವರ್ಷ ಮತ್ತೆ ಪೂರ್ತಿ ಬಣ್ಣ ಬೇಡ ಎಂಬುದು ಅಲ್ಲಿನವರ ಲೆಕ್ಕ.

ಯಾರಿಗೆ ಯಾವ ಪ್ರಮಾಣಪತ್ರ?

ಇಲ್ಲಿಯೇ ಬಹಳ ಜನ ಗೊಂದಲಕ್ಕೆ ಬೀಳುವುದು. ಈ ಕ್ಷೇತ್ರದ ಪ್ರಮಾಣಪತ್ರಗಳು ಮೂರು ಬಗೆ.

ಒಂದು, ಇನ್‌ಸ್ಪೆಕ್ಟರಿಗೆ ಸಿಗುವುದು. ಇದು ವ್ಯಕ್ತಿಯ ಹೆಸರಿನಲ್ಲಿರುತ್ತದೆ. ಆ ವ್ಯಕ್ತಿ ಕೆಲಸ ಬಿಟ್ಟರೆ ಪ್ರಮಾಣಪತ್ರವೂ ಅವರ ಜೊತೆ ಹೋಗುತ್ತದೆ.

ಎರಡು, ಗುತ್ತಿಗೆದಾರ ಸಂಸ್ಥೆಗೆ ಸಿಗುವುದು. ಇದು ಕಂಪನಿಯ ಹೆಸರಿನಲ್ಲಿರುತ್ತದೆ. ಸಲಕರಣೆ, ಸುರಕ್ಷತೆ, ಗುಣಮಟ್ಟದ ದಾಖಲೆ, ತರಬೇತಾದ ಜನ ಎಲ್ಲವನ್ನೂ ಲೆಕ್ಕ ಪರಿಶೋಧನೆಯಂತೆ ತಪಾಸಣೆ ಮಾಡಿ ಕೊಡುತ್ತಾರೆ.

ಮೂರು, ಕೈಯಲ್ಲಿ ನಳಿಗೆ ಹಿಡಿಯುವ ಕೆಲಸಗಾರನಿಗೆ, ಅಂದರೆ ಬ್ಲಾಸ್ಟರ್ ಮತ್ತು ಸ್ಪ್ರೇ ಪೇಂಟರಿಗೆ ಸಿಗುವುದು. ಇದು ಕುಶಲತೆಯ ಪ್ರಮಾಣಪತ್ರ.

ಒಂದರ ಬದಲು ಇನ್ನೊಂದನ್ನು ತೋರಿಸಿದರೆ ನಡೆಯದು. 'ನಮ್ಮಲ್ಲಿ ಒಬ್ಬ ನೇಸ್ ಇನ್‌ಸ್ಪೆಕ್ಟರ್ ಇದ್ದಾರೆ' ಎಂದ ಮಾತ್ರಕ್ಕೆ ಗುತ್ತಿಗೆದಾರ ಸಂಸ್ಥೆ ಪ್ರಮಾಣೀಕೃತ ಎಂದಾಗುವುದಿಲ್ಲ. ಹಾಗೆಯೇ ಐಎಸ್‌ಒ 9001 ಎಂಬುದು ಸಂಸ್ಥೆಯ ಕಾರ್ಯವಿಧಾನದ ಬಗ್ಗೆ ಹೇಳುತ್ತದೆಯೇ ಹೊರತು ಬಣ್ಣದ ಕೌಶಲದ ಬಗ್ಗೆ ಅಲ್ಲ. ಬಣ್ಣದ ಕಂಪನಿಗಳು ತಮ್ಮ ಉತ್ಪನ್ನದ ತರಬೇತಿ ಕೊಟ್ಟು ನೀಡುವ ಪತ್ರ ಉಪಯುಕ್ತವೇ, ಆದರೆ ಅದು ಸ್ವತಂತ್ರ ಸಂಸ್ಥೆಯ ಪ್ರಮಾಣಪತ್ರವಲ್ಲ.

ಇನ್‌ಸ್ಪೆಕ್ಟರ್ ಪ್ರಮಾಣಪತ್ರಗಳು

ಎಎಂಪಿಪಿ: ತುಕ್ಕು ತಡೆಯ ಎಂಜಿನಿಯರುಗಳು 1943ರಲ್ಲಿ ಅಮೆರಿಕದಲ್ಲಿ ಕಟ್ಟಿದ ಸಂಸ್ಥೆ ನೇಸ್. ಉಕ್ಕಿನ ರಚನೆಗಳ ಬಣ್ಣಕ್ಕೆಂದೇ 1950ರಲ್ಲಿ ಹುಟ್ಟಿದ್ದು ಎಸ್‌ಎಸ್‌ಪಿಸಿ. ಇವೆರಡೂ 2021ರ ಜನವರಿಯಲ್ಲಿ ಒಂದಾಗಿ ಎಎಂಪಿಪಿ ಎಂಬ ಹೊಸ ಸಂಸ್ಥೆಯಾದವು. 1983ರಲ್ಲಿ ಆರಂಭವಾದ ನೇಸ್‌ನ ಕೋಟಿಂಗ್ ಇನ್‌ಸ್ಪೆಕ್ಟರ್ ಕಾರ್ಯಕ್ರಮವನ್ನು ನಮ್ಮ ಕಡೆ 'ಸಿಐಪಿ ಲೆವೆಲ್ ಒನ್, ಟೂ, ಥ್ರೀ' ಎಂದೇ ಕರೆಯುವ ರೂಢಿ. ಈಗ ಅವುಗಳ ಹೆಸರು ಕ್ರಮವಾಗಿ ಬೇಸಿಕ್ ಕೋಟಿಂಗ್ಸ್ ಇನ್‌ಸ್ಪೆಕ್ಟರ್, ಸರ್ಟಿಫೈಡ್ ಕೋಟಿಂಗ್ಸ್ ಇನ್‌ಸ್ಪೆಕ್ಟರ್ ಮತ್ತು ಸೀನಿಯರ್ ಸರ್ಟಿಫೈಡ್ ಕೋಟಿಂಗ್ಸ್ ಇನ್‌ಸ್ಪೆಕ್ಟರ್. ಮೊದಲ ಹಂತಕ್ಕೆ ಹೊಸಬರೂ ಸೇರಬಹುದು. ಸುಮಾರು ಒಂದು ವಾರದ ತರಗತಿ, ಲಿಖಿತ ಮತ್ತು ಪ್ರಾಯೋಗಿಕ ಪರೀಕ್ಷೆ ಇರುತ್ತದೆ. ಮೇಲಿನ ಹಂತಗಳಿಗೆ ಕೆಲಸದ ಅನುಭವದ ದಾಖಲೆ ಬೇಕು. ಪ್ರಮಾಣಪತ್ರವನ್ನು ಕಾಲಕಾಲಕ್ಕೆ ನವೀಕರಿಸಿಕೊಳ್ಳಬೇಕು. ಟೆಂಡರುಗಳಲ್ಲಿ ಇನ್ನೂ 'ನೇಸ್' ಎಂದೇ ಬರೆದಿರುವುದನ್ನು ಕಂಡರೆ ಗಾಬರಿ ಬೇಡ, ಅದು ಹಳೆಯ ಹೆಸರು ಅಷ್ಟೇ.

ಫ್ರೋಸಿಯೋ: ನಾರ್ವೆ ದೇಶದಲ್ಲಿ 1986ರಲ್ಲಿ ಆರಂಭವಾದ ವ್ಯವಸ್ಥೆ. ಇದರ ವಿಶೇಷವೆಂದರೆ ಎಲ್ಲರಿಗೂ ಒಂದೇ ಮಟ್ಟದ ಪರೀಕ್ಷೆ. ಸಿಗುವ ಹಂತ ಮಾತ್ರ ಅಭ್ಯರ್ಥಿಯ ಕೆಲಸದ ಅನುಭವ ನೋಡಿ ನಿರ್ಧಾರವಾಗುತ್ತದೆ. ಅನುಭವವಿಲ್ಲದವರಿಗೆ ಬಿಳಿ, ಅದರ ಮೇಲೆ ಹಸಿರು, ಪೂರ್ಣ ಇನ್‌ಸ್ಪೆಕ್ಟರಿಗೆ ಕೆಂಪು. ಹಡಗು ಮತ್ತು ಸಮುದ್ರದ ತೈಲ ಕೆಲಸಗಳಲ್ಲಿ ಇದಕ್ಕೆ ಹೆಚ್ಚು ಬೆಲೆ.

ಐಕಾರ್ ಮತ್ತು ಬಿಗ್ಯಾಸ್: ಬ್ರಿಟನ್ನಿನ ಇನ್‌ಸ್ಟಿಟ್ಯೂಟ್ ಆಫ್ ಕರೋಷನ್ ಕೊಡುವ ಪೇಂಟಿಂಗ್ ಇನ್‌ಸ್ಪೆಕ್ಟರ್ ಪ್ರಮಾಣಪತ್ರದಲ್ಲೂ ಮೂರು ಹಂತಗಳಿವೆ. ಬಿಗ್ಯಾಸ್ ಎಂಬುದು ಬ್ರಿಟಿಷ್ ಗ್ಯಾಸ್ ಕಂಪನಿ ತನ್ನ ಕೆಲಸಕ್ಕೆಂದು ರೂಪಿಸಿದ ವ್ಯವಸ್ಥೆಯಿಂದ ಬಂದದ್ದು. ಗಲ್ಫ್ ದೇಶಗಳ ಕೆಲಸದ ಜಾಹೀರಾತುಗಳಲ್ಲಿ ಈ ಎರಡೂ ಹೆಸರು ಕಾಣಿಸುತ್ತವೆ.

ಇಂಥ ತರಗತಿಗಳು ಭಾರತದಲ್ಲಿ ಮುಂಬೈ, ಚೆನ್ನೈಯಂಥ ನಗರಗಳಲ್ಲಿ ನಡೆಯುತ್ತವೆ. ರಾತ್ರಿ ಸಿದ್ಧೇಶ್ವರ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗ್ಗೆ ಮುಂಬೈ ತಲುಪುವ ನಮ್ಮ ಭಾಗದವರಿಗೆ ದೂರ ದೊಡ್ಡ ಅಡ್ಡಿಯಲ್ಲ. ಅಡ್ಡಿ ಎರಡು. ಒಂದು ಶುಲ್ಕ. ಮೊದಲ ಹಂತಕ್ಕೇ ಒಬ್ಬ ಪೇಂಟರನ ಹಲವು ತಿಂಗಳ ದುಡಿಮೆ ಬೇಕಾಗುತ್ತದೆ. ಇನ್ನೊಂದು ಭಾಷೆ. ಪಾಠ, ಪರೀಕ್ಷೆ, ವರದಿ ಎಲ್ಲವೂ ಇಂಗ್ಲಿಷಿನಲ್ಲಿ. ಕನ್ನಡ ಅಥವಾ ಮರಾಠಿ ಶಾಲೆಯಲ್ಲಿ ಓದಿದ ಹುಡುಗರು ಸೇರುವ ಮೊದಲೇ ಒಂದೆರಡು ತಿಂಗಳು ಇಂಗ್ಲಿಷ್ ಪಾರಿಭಾಷಿಕ ಪದಗಳನ್ನು ರೂಢಿಸಿಕೊಳ್ಳುವುದು ಒಳ್ಳೆಯದು.

ಗುತ್ತಿಗೆದಾರ ಸಂಸ್ಥೆಗಳಿಗೆ

ಗುತ್ತಿಗೆದಾರರ ಅರ್ಹತೆಗೆ ಹೆಸರಾದದ್ದು ಎಸ್‌ಎಸ್‌ಪಿಸಿ 1989ರಲ್ಲಿ ಆರಂಭಿಸಿದ 'ಕ್ಯೂಪಿ' ಸರಣಿ. ಈಗ ಇದನ್ನು ಎಎಂಪಿಪಿ ನಡೆಸುತ್ತದೆ. ಕ್ಯೂಪಿ 1 ಸ್ಥಳದಲ್ಲೇ ದೊಡ್ಡ ರಚನೆಗಳಿಗೆ ಲೇಪನ ಮಾಡುವವರಿಗೆ. ಕ್ಯೂಪಿ 2 ಸೀಸದಂಥ ವಿಷವಿರುವ ಹಳೆ ಬಣ್ಣ ತೆಗೆಯುವವರಿಗೆ. ಕ್ಯೂಪಿ 3 ವರ್ಕ್‌ಶಾಪಿನೊಳಗೆ ಬಣ್ಣ ಮಾಡುವವರಿಗೆ. ಕ್ಯೂಪಿ 5 ಪರಿಶೀಲನಾ ಕಂಪನಿಗಳಿಗೆ. ಕ್ಯೂಪಿ 8 ಕಾಂಕ್ರೀಟಿನ ಮೇಲೆ ಲೇಪನ ಮಾಡುವವರಿಗೆ. ಅಮೆರಿಕದ ಹಲವು ರಾಜ್ಯಗಳು ಸೇತುವೆಗಳ ಬಣ್ಣದ ಟೆಂಡರಿಗೆ ಕ್ಯೂಪಿ ಕಡ್ಡಾಯ ಮಾಡಿವೆ.

ಸೊಲ್ಲಾಪುರದ ಸಣ್ಣ ಗುತ್ತಿಗೆದಾರರಿಗೆ ಕ್ಯೂಪಿ ಪಡೆಯುವುದು ಇಂದು ಕೈಗೆ ಎಟುಕುವ ಮಾತಲ್ಲ. ಆದರೆ ಅದು ಕೇಳುವ ಪ್ರಶ್ನೆಗಳನ್ನು ತಮಗೆ ತಾವೇ ಕೇಳಿಕೊಳ್ಳಲು ದುಡ್ಡು ಬೇಕಿಲ್ಲ. ಕೆಲಸದ ಲಿಖಿತ ವಿಧಾನ ಇದೆಯೇ? ಅಳತೆಯ ಸಾಧನಗಳಿಗೆ ಕ್ಯಾಲಿಬ್ರೇಷನ್ ಪತ್ರ ಇದೆಯೇ? ಪ್ರತಿ ದಿನದ ದಾಖಲೆ ಬರೆಯುತ್ತೀರಾ? ಕೆಲಸಗಾರರಿಗೆ ಮುಸುಕು, ಶುದ್ಧ ಗಾಳಿಯ ವ್ಯವಸ್ಥೆ ಕೊಟ್ಟಿದ್ದೀರಾ? ಇವಕ್ಕೆ ಹೌದು ಎನ್ನಬಲ್ಲ ಗುತ್ತಿಗೆದಾರರು ದೊಡ್ಡ ಕಂಪನಿಗಳ ಉಪಗುತ್ತಿಗೆ ಹಿಡಿಯುವುದು ಸುಲಭ.

ಇನ್‌ಸ್ಪೆಕ್ಟರ್ ಏನು ಮಾಡುತ್ತಾರೆ?

ಮೊದಲನೆಯದು ಉಕ್ಕಿನ ಶುಚಿತ್ವ. ಐಎಸ್‌ಒ 8501 ಎಂಬ ಮಾನದಂಡದಲ್ಲಿ ತುಕ್ಕು ಹಿಡಿದ ಮತ್ತು ಶುಚಿ ಮಾಡಿದ ಉಕ್ಕಿನ ಬಣ್ಣದ ಚಿತ್ರಗಳಿವೆ. ಚಿತ್ರಪುಸ್ತಕವನ್ನು ಉಕ್ಕಿನ ಪಕ್ಕ ಹಿಡಿದು ಹೋಲಿಸುತ್ತಾರೆ. ವೈರ್ ಬ್ರಶ್‌ನಿಂದ ಉಜ್ಜಿದ್ದಕ್ಕೆ ಎಸ್‌ಟಿ 2, ಎಸ್‌ಟಿ 3 ಎಂಬ ದರ್ಜೆ. ಬ್ಲಾಸ್ಟಿಂಗ್‌ಗೆ ಎಸ್‌ಎ 1ರಿಂದ ಎಸ್‌ಎ 3ರವರೆಗೆ. ಕೈಗಾರಿಕೆಯಲ್ಲಿ ಹೆಚ್ಚು ಕೇಳುವುದು ಎಸ್‌ಎ 2½, ಅಂದರೆ ಸಣ್ಣ ಕಲೆಯ ನೆರಳು ಬಿಟ್ಟರೆ ಉಳಿದೆಲ್ಲ ಬರಿಯ ಉಕ್ಕು. ಧೂಳು ಎಷ್ಟಿದೆ ಎಂದು ಅಂಟುಪಟ್ಟಿ ಒತ್ತಿ ನೋಡುತ್ತಾರೆ. ಉಪ್ಪಿನಂಶವನ್ನು ಬ್ರೆಸ್ಲ್ ಪಟ್ಟಿ ಎಂಬ ಸಣ್ಣ ಚೀಲ ಅಂಟಿಸಿ, ಒಳಗೆ ಶುದ್ಧ ನೀರು ಬಿಟ್ಟು ಅಳೆಯುತ್ತಾರೆ.

ಎರಡನೆಯದು ಹವೆ. ಗಾಳಿಯ ತೇವ ಶೇಕಡಾ 85ಕ್ಕಿಂತ ಕಡಿಮೆ ಇರಬೇಕು, ಉಕ್ಕಿನ ಉಷ್ಣತೆ ಇಬ್ಬನಿ ಬೀಳುವ ಉಷ್ಣತೆಗಿಂತ ಕನಿಷ್ಠ 3 ಡಿಗ್ರಿ ಹೆಚ್ಚಿರಬೇಕು ಎಂಬುದು ಸಾಮಾನ್ಯ ನಿಯಮ. ಉದಾಹರಣೆಗೆ ಗಾಳಿ 30 ಡಿಗ್ರಿ, ತೇವ ಶೇಕಡಾ 80 ಇದ್ದರೆ ಇಬ್ಬನಿ ಬಿಂದು ಸುಮಾರು 26 ಡಿಗ್ರಿ. ಆಗ ಉಕ್ಕು 29 ಡಿಗ್ರಿಗಿಂತ ಹೆಚ್ಚು ಬಿಸಿ ಇರಬೇಕು. ಸೆಪ್ಟೆಂಬರಿನ ಬೆಳಗ್ಗೆ ರಾತ್ರಿಯೆಲ್ಲ ತಣಿದ ಟ್ಯಾಂಕಿನ ತಗಡು ಅಷ್ಟಿರದೇ ಇರಬಹುದು. ಕಣ್ಣಿಗೆ ಒಣಗಿದಂತೆ ಕಂಡರೂ ಅಲ್ಲಿ ತೇವ ಕೂತಿರುತ್ತದೆ.

ನಮ್ಮಲ್ಲಿ ಬೇಸಿಗೆಯ ತೊಂದರೆ ಇದಕ್ಕೆ ತಿರುಗಾಮುರುಗಾ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಬಿಸಿಲಿಗೆ ಬಿದ್ದ ಉಕ್ಕು ಕೈಯಿಡಲಾಗದಷ್ಟು ಕಾದಿರುತ್ತದೆ. ಸ್ಪ್ರೇ ಮಾಡಿದ ಬಣ್ಣ ಉಕ್ಕನ್ನು ತಲುಪುವ ಮೊದಲೇ ಗಾಳಿಯಲ್ಲಿ ಒಣಗಿ ಪುಡಿಯಾಗಿ ಕೂರುತ್ತದೆ. ಎರಡು ಡಬ್ಬಿ ಬೆರೆಸಿದ ಎಪಾಕ್ಸಿ ಕೂಡ ಬೇಗ ಗಟ್ಟಿಯಾಗುತ್ತದೆ. ಉಷ್ಣತೆ 10 ಡಿಗ್ರಿ ಏರಿದರೆ ಬಳಕೆಯ ಸಮಯ ಹತ್ತಿರಹತ್ತಿರ ಅರ್ಧಕ್ಕಿಳಿಯುತ್ತದೆ ಎಂಬುದು ಕಸುಬಿನವರ ಲೆಕ್ಕ. ಗಟ್ಟಿಯಾಗುತ್ತಿರುವ ಬಣ್ಣಕ್ಕೆ ಥಿನ್ನರ್ ಸುರಿದು ಮುಂದುವರಿಸುವುದು ನಮ್ಮ ಕಡೆ ನಡೆಯುವ ದೊಡ್ಡ ತಪ್ಪು. ಬೇಸಿಗೆಯಲ್ಲಿ ಬೆಳಗಿನ ಜಾವ ಅಥವಾ ಸಂಜೆ ಕೆಲಸ ಮಾಡುವುದೇ ದಾರಿ.

ಮೂರನೆಯದು ದಪ್ಪ. ಇದನ್ನು ಮೈಕ್ರಾನಿನಲ್ಲಿ ಅಳೆಯುತ್ತಾರೆ. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ಬಣ್ಣದಲ್ಲಿ ಗಟ್ಟಿ ಅಂಶ ಶೇಕಡಾ 60 ಇದ್ದರೆ, ಒಣಗಿದ ಮೇಲೆ 150 ಮೈಕ್ರಾನ್ ಉಳಿಯಲು ಹಸಿಯಾಗಿದ್ದಾಗ 250 ಮೈಕ್ರಾನ್ ಬಳಿಯಬೇಕು. ಲೆಕ್ಕದ ಪ್ರಕಾರ ಒಂದು ಲೀಟರ್ ಬಣ್ಣ ಅಲ್ಲಿ 4 ಚದರ ಮೀಟರಿಗೆ ಸಾಲುತ್ತದೆ. ಸ್ಪ್ರೇಯಲ್ಲಿ ಹಾರಿಹೋಗುವುದನ್ನು ಸೇರಿಸಿದರೆ ಇನ್ನೂ ಕಡಿಮೆ. ಈ ಒಂದು ಲೆಕ್ಕ ಗೊತ್ತಿದ್ದರೆ ಸಾಕು, 1,000 ಚದರ ಮೀಟರಿನ ಟ್ಯಾಂಕಿಗೆ 120 ಲೀಟರಿನ ಬಿಲ್ಲು ತಂದವರನ್ನು ಕಾರ್ಖಾನೆಯ ಗುಮಾಸ್ತರೂ ಪ್ರಶ್ನಿಸಬಹುದು. ಅಲ್ಲಿ ಕನಿಷ್ಠ 250 ಲೀಟರ್ ಬೇಕಿತ್ತು.

ಕೊನೆಯದು 'ಹಾಲಿಡೇ' ಪರೀಕ್ಷೆ. ಹಾಲಿಡೇ ಎಂದರೆ ಇಲ್ಲಿ ರಜೆಯಲ್ಲ, ಬಣ್ಣ ತಪ್ಪಿದ ಜಾಗ. ಕಣ್ಣಿಗೆ ಕಾಣದ ಸೂಜಿತೂತುಗಳನ್ನು ವಿದ್ಯುತ್ ಸಾಧನದಿಂದ ಪತ್ತೆ ಹಚ್ಚುತ್ತಾರೆ. ನೀರಿನ ಟ್ಯಾಂಕಿನ ಒಳಭಾಗಕ್ಕೆ, ಹೂಳುವ ಕೊಳವೆಗೆ ಇದು ಬಿಡುವಂತಿಲ್ಲ.

ಎಷ್ಟು ವರ್ಷ ಬಾಳುತ್ತದೆ?

ಐಎಸ್‌ಒ 12944 ಎಂಬ ಮಾನದಂಡ ಮೊದಲು 1998ರಲ್ಲಿ ಬಂತು. 2017–18ರಲ್ಲಿ ಪರಿಷ್ಕರಣೆಯಾಯಿತು. ವಾತಾವರಣವನ್ನು ಅದು ಸಿ 1ರಿಂದ ಸಿ 5ರವರೆಗೆ ಮತ್ತು ಅತಿ ಕಠಿಣವಾದ ಸಿಎಕ್ಸ್ ಎಂದು ವಿಂಗಡಿಸುತ್ತದೆ. ಸಿಹಿನೀರಿನೊಳಗೆ, ಮಣ್ಣಿನೊಳಗೆ ಇರುವ ಉಕ್ಕಿಗೆ ಬೇರೆ ವರ್ಗಗಳಿವೆ. ಬಾಳಿಕೆಯನ್ನು 7 ವರ್ಷದವರೆಗೆ, 7ರಿಂದ 15, 15ರಿಂದ 25, 25ಕ್ಕೂ ಮೇಲೆ ಎಂದು ನಾಲ್ಕು ಭಾಗ ಮಾಡಿದೆ. ಈ ಅವಧಿ ಗ್ಯಾರಂಟಿ ಅಲ್ಲ, ದುರಸ್ತಿಯ ಯೋಜನೆಗೆ ಅಂದಾಜು ಮಾತ್ರ ಎಂದು ಮಾನದಂಡವೇ ಸ್ಪಷ್ಟಪಡಿಸಿದೆ. '25 ವರ್ಷ ಗ್ಯಾರಂಟಿ ಬಣ್ಣ' ಎಂದು ಯಾರಾದರೂ ಹೇಳಿದರೆ, ಅದು ಯಾರ ಗ್ಯಾರಂಟಿ, ಬರವಣಿಗೆಯಲ್ಲಿ ಎಲ್ಲಿದೆ ಎಂದು ಕೇಳಬೇಕು.

ಪೇಂಟರನ ಮಾತೇನು?

ಈ ಎಲ್ಲ ವ್ಯವಸ್ಥೆಯಲ್ಲಿ ಹಿಂದೆ ಬಿದ್ದವರು ಕೈಯಿಂದ ಕೆಲಸ ಮಾಡುವವರು. ಇನ್‌ಸ್ಪೆಕ್ಟರ್ ಎಷ್ಟೇ ದೊಡ್ಡ ಪ್ರಮಾಣಪತ್ರ ಹೊಂದಿರಲಿ, ಬಣ್ಣ ನಿಲ್ಲುವುದು ನಳಿಗೆ ಹಿಡಿದವರ ಕೈಚಳಕದ ಮೇಲೆ. ವಿದೇಶಗಳಲ್ಲಿ ಇವರಿಗೂ ಪ್ರಮಾಣಪತ್ರಗಳಿವೆ. ಬ್ಲಾಸ್ಟಿಂಗ್‌ಗೆ ಎಸ್‌ಎಸ್‌ಪಿಸಿಯ ಸಿ 7, ಏರ್‌ಲೆಸ್ ಸ್ಪ್ರೇಗೆ ಸಿ 12 ಎಂಬ ಹೆಸರಿನವು ಪ್ರಸಿದ್ಧ. ಬ್ರಿಟನ್ನಿನಲ್ಲಿ ಐಕ್ಯಾಟ್ಸ್ ಎಂಬ ತರಬೇತಿ ವ್ಯವಸ್ಥೆ ಇದೆ.

ನಮ್ಮ ದೇಶದಲ್ಲಿ ಐಟಿಐಗಳ 'ಪೇಂಟರ್ ಜನರಲ್' ಎಂಬ ಎರಡು ವರ್ಷದ ಕೋರ್ಸು ಹಳೆಯ ದಾರಿ. ಪೇಂಟ್ಸ್ ಆಂಡ್ ಕೋಟಿಂಗ್ಸ್ ಸ್ಕಿಲ್ ಕೌನ್ಸಿಲ್ ಎಂಬ ಕ್ಷೇತ್ರ ಕೌಶಲ ಮಂಡಳಿ ಈ ಕಸುಬಿನವರಿಗೆಂದೇ ಇದೆ. ಹಲವು ವರ್ಷ ಕೆಲಸ ಮಾಡಿ ಕಲಿತವರನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ 'ಆರ್‌ಪಿಎಲ್' ಎಂಬ ಪದ್ಧತಿಯೂ ಸರ್ಕಾರಿ ಕೌಶಲ ವ್ಯವಸ್ಥೆಯಲ್ಲಿದೆ. ಶಾಲೆ ಬಿಟ್ಟು ಇಪ್ಪತ್ತು ವರ್ಷ ಬ್ರಶ್ ಹಿಡಿದವರಿಗೆ ಇದು ಹೇಳಿ ಮಾಡಿಸಿದ್ದು. ಹತ್ತಿರದ ಐಟಿಐ ಅಥವಾ ಜಿಲ್ಲಾ ಕೌಶಲ ಅಭಿವೃದ್ಧಿ ಕಚೇರಿಯಲ್ಲಿ ವಿಚಾರಿಸಬಹುದು. ಇವು ಇನ್‌ಸ್ಪೆಕ್ಟರ್ ಪ್ರಮಾಣಪತ್ರಕ್ಕೆ ಸಮವಲ್ಲ, ಆದರೆ ಮೊದಲ ಮೆಟ್ಟಿಲು.

ಪೇಂಟರನ ಪುಪ್ಪುಸದ ಮಾತನ್ನೂ ಇಲ್ಲಿ ಹೇಳಲೇಬೇಕು. ಮರಳಿನಿಂದ ಬ್ಲಾಸ್ಟಿಂಗ್ ಮಾಡುವಾಗ ಏಳುವ ನುಣ್ಣನೆ ಧೂಳಿನಲ್ಲಿ ಸಿಲಿಕಾ ಇರುತ್ತದೆ. ಅದು ಪುಪ್ಪುಸದಲ್ಲಿ ಕೂತು ಸಿಲಿಕೋಸಿಸ್ ತರುತ್ತದೆ. ಬಂದ ಮೇಲೆ ಅದಕ್ಕೆ ಗುಣವಿಲ್ಲ, ಕೆಮ್ಮು ಮತ್ತು ಏದುಸಿರನ್ನು ಕ್ಷಯವೆಂದು ತಪ್ಪು ತಿಳಿಯುವುದೂ ಉಂಟು. ಬ್ರಿಟನ್ 1949ರಲ್ಲೇ ಕಾರ್ಖಾನೆಗಳ ಬ್ಲಾಸ್ಟಿಂಗ್‌ನಲ್ಲಿ ಮರಳನ್ನು ನಿಷೇಧಿಸುವ ನಿಯಮ ತಂದಿತ್ತು. ನಮ್ಮ 1948ರ ಕಾರ್ಖಾನೆ ಕಾಯ್ದೆ ಸಿಲಿಕೋಸಿಸ್ ಅನ್ನು ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗಗಳ ಪಟ್ಟಿಗೆ ಸೇರಿಸಿತ್ತು. 2020ರ ಔದ್ಯೋಗಿಕ ಸುರಕ್ಷತೆಯ ಸಂಹಿತೆಯ ಪಟ್ಟಿಯಲ್ಲೂ ಅದು ಇದೆ. ಮರಳಿನ ಬದಲು ಉಕ್ಕಿನ ಗ್ರಿಟ್, ಗಾರ್ನೆಟ್, ತಾಮ್ರದ ಕಿಟ್ಟ ಬಳಸಬಹುದು. ಯಾವುದನ್ನು ಬಳಸಿದರೂ ಬಾಯಿಗೆ ಟವೆಲ್ ಸುತ್ತಿಕೊಂಡರೆ ರಕ್ಷಣೆಯಾಗದು. ಹೊರಗಿನಿಂದ ಶುದ್ಧ ಗಾಳಿ ಬರುವ ಬ್ಲಾಸ್ಟಿಂಗ್ ಹೆಲ್ಮೆಟ್ ಬೇಕು.

ಹಳೆ ಟ್ಯಾಂಕು, ಹಳೆ ಸೇತುವೆಗಳಲ್ಲಿ ಕೆಂಪು ಸೀಸದ ಪ್ರೈಮರ್ ಇರಬಹುದು. ಮನೆ ಬಣ್ಣಗಳಲ್ಲಿ ಸೀಸಕ್ಕೆ 90 ಪಿಪಿಎಂ ಮಿತಿ ಹಾಕುವ ನಿಯಮ 2016ರಲ್ಲಿ ಬಂತು. ಆದರೆ ಅದು ಮನೆ ಮತ್ತು ಅಲಂಕಾರದ ಬಣ್ಣಗಳಿಗೆ ಸೀಮಿತ. ಹಳೆ ಬಣ್ಣ ಕೆರೆಯುವ ಮೊದಲು ಅದರಲ್ಲಿ ಸೀಸ ಇದೆಯೇ ಎಂದು ಪರೀಕ್ಷೆ ಮಾಡಿಸುವುದು ಕ್ಷೇಮ. ಕೆಲಸದ ಬಟ್ಟೆಯಲ್ಲೇ ಮನೆಗೆ ಹೋದರೆ ಆ ಧೂಳು ಮಕ್ಕಳವರೆಗೂ ಹೋಗುತ್ತದೆ.

ಮೋಸ ಹೋಗದಿರಲು

ಬೇಡಿಕೆ ಇರುವಲ್ಲಿ ನಕಲಿಯೂ ಇರುತ್ತದೆ. 'ಎರಡು ದಿನದಲ್ಲಿ ಅಂತರರಾಷ್ಟ್ರೀಯ ಪ್ರಮಾಣಪತ್ರ, ಗಲ್ಫ್‌ನಲ್ಲಿ ನೌಕರಿ ಖಾತ್ರಿ' ಎಂಬ ಜಾಹೀರಾತು ಕಂಡರೆ ಎಚ್ಚರ. ಪರೀಕ್ಷೆ ನಡೆಸುವವರು ಮೂಲ ಸಂಸ್ಥೆಯೋ, ಅದರ ಅಧಿಕೃತ ಕೇಂದ್ರವೋ ಎಂದು ಆ ಸಂಸ್ಥೆಯ ಜಾಲತಾಣದಲ್ಲೇ ನೋಡಿ. ಕೆಲಸಕ್ಕೆ ತೆಗೆದುಕೊಳ್ಳುವವರೂ ಜೆರಾಕ್ಸ್ ಪ್ರತಿ ನಂಬದೆ, ಪ್ರಮಾಣಪತ್ರದ ಸಂಖ್ಯೆ ಮತ್ತು ಅವಧಿಯನ್ನು ಮೂಲ ಸಂಸ್ಥೆಯಲ್ಲಿ ಖಚಿತಪಡಿಸಿಕೊಳ್ಳಬೇಕು. ವಿದೇಶಕ್ಕೆ ಕಳಿಸುವ ಏಜೆಂಟರು ವಿದೇಶಾಂಗ ಸಚಿವಾಲಯದಲ್ಲಿ ನೋಂದಾಯಿತರೇ ಎಂಬುದನ್ನು ಇ-ಮೈಗ್ರೇಟ್ ಜಾಲತಾಣದಲ್ಲಿ ಪರಿಶೀಲಿಸಬಹುದು.

ಟೆಂಡರಿನಲ್ಲಿ ಏನು ಬರೆಯಬೇಕು?

ಕಾರ್ಖಾನೆ, ನಗರಸಭೆ, ನೀರು ಸರಬರಾಜು ಸಮಿತಿಗಳವರು ಬಣ್ಣದ ಕೆಲಸ ಕೊಡುವಾಗ ಕೆಳಗಿನ ಮಾತುಗಳನ್ನು ಒಪ್ಪಂದದಲ್ಲಿ ಸೇರಿಸಿದರೆ ಅರ್ಧ ಜಗಳ ತಪ್ಪುತ್ತದೆ.

1. ಉಕ್ಕಿನ ಶುಚಿತ್ವದ ದರ್ಜೆ ಯಾವುದು (ಉದಾಹರಣೆಗೆ ಎಸ್‌ಎ 2½). 'ಚೆನ್ನಾಗಿ ಉಜ್ಜಿ' ಎಂದಷ್ಟೇ ಬರೆಯಬೇಡಿ.

2. ಪ್ರತಿ ಪದರದ ಒಣ ದಪ್ಪ ಎಷ್ಟು ಮೈಕ್ರಾನ್. 'ಮೂರು ಕೋಟ್' ಎಂದರೆ ಸಾಲದು.

3. ಬ್ಲಾಸ್ಟಿಂಗ್ ಆದ ಮೇಲೆ ಒಮ್ಮೆ, ಪ್ರತಿ ಪದರದ ಮೇಲೆ ಒಮ್ಮೆ ಕೆಲಸ ನಿಲ್ಲಿಸಿ ಪರಿಶೀಲನೆ. ಸಹಿ ಆಗದೆ ಮುಂದಿನ ಪದರ ಹಾಕುವಂತಿಲ್ಲ.

4. ಇನ್‌ಸ್ಪೆಕ್ಟರಿಗೆ ಯಾವ ಹಂತದ ಪ್ರಮಾಣಪತ್ರ ಬೇಕು. ಅವರ ಸಂಬಳ ಗುತ್ತಿಗೆದಾರರಿಂದ ಬರಬಾರದು. ತನ್ನ ಕೆಲಸಕ್ಕೆ ತಾನೇ ಅಂಕ ಹಾಕಿಕೊಂಡರೆ ಪರೀಕ್ಷೆ ಎನಿಸದು.

5. ಮರಳಿನ ಬ್ಲಾಸ್ಟಿಂಗ್ ನಿಷಿದ್ಧ. ಕೆಲಸಗಾರರ ರಕ್ಷಣಾ ಸಲಕರಣೆಯ ವೆಚ್ಚ ದರದಲ್ಲೇ ಸೇರಿರಬೇಕು.

6. ಪ್ರತಿ ದಿನದ ಹವೆ, ದಪ್ಪ, ಬಣ್ಣದ ಬ್ಯಾಚ್ ಸಂಖ್ಯೆಯ ದಾಖಲೆ ಮಾಲೀಕರಿಗೆ ಸೇರಬೇಕು.

ಕುಡಿಯುವ ನೀರಿನ ಟ್ಯಾಂಕಾದರೆ, ಬಳಸುವ ಲೇಪನ ಕುಡಿಯುವ ನೀರಿಗೆ ಯೋಗ್ಯ ಎಂಬ ಪರೀಕ್ಷಾ ವರದಿಯನ್ನೂ ಕೇಳಬೇಕು.

ಸಣ್ಣ ಕೆಲಸಕ್ಕೆ ಇನ್‌ಸ್ಪೆಕ್ಟರನ್ನು ದಿನವಿಡೀ ಇಡುವುದು ದುಬಾರಿಯಾದರೆ, ಮೂರನೇ ಅಂಶದ ನಿಲುಗಡೆಗಳಿಗೆ ಮಾತ್ರ ಕರೆಸಬಹುದು. ಎಲ್ಲಕ್ಕಿಂತ ಮುಖ್ಯವಾದದ್ದು ಬ್ಲಾಸ್ಟಿಂಗ್ ಮುಗಿದು ಪ್ರೈಮರ್ ಬೀಳುವ ಮುಂಚಿನ ಆ ಕೆಲವು ಗಂಟೆ.

ಯುವಕರಿಗೆ ಕಿವಿಮಾತು

ಐಟಿಐ, ಡಿಪ್ಲೊಮಾ ಅಥವಾ ವಿಜ್ಞಾನ ಪದವಿ ಮುಗಿಸಿದ ಸೊಲ್ಲಾಪುರ, ಅಕ್ಕಲಕೋಟೆ, ಇಂಡಿ, ಆಳಂದ ಕಡೆಯ ಯುವಕ ಯುವತಿಯರಿಗೆ ಇದು ಯೋಚಿಸಬೇಕಾದ ಕ್ಷೇತ್ರ. ಆದರೆ ಸಾಲ ಮಾಡಿ ಮೊದಲು ಪ್ರಮಾಣಪತ್ರ ತಂದು ಆಮೇಲೆ ಕೆಲಸ ಹುಡುಕುವುದು ಜಾಣತನವಲ್ಲ. ಮೊದಲು ಒಂದೆರಡು ವರ್ಷ ಬಣ್ಣದ ಗುತ್ತಿಗೆದಾರರ ಬಳಿ ಅಥವಾ ಫ್ಯಾಬ್ರಿಕೇಷನ್ ವರ್ಕ್‌ಶಾಪಿನಲ್ಲಿ ದುಡಿಯಿರಿ. ಮಾಡಿದ ಕೆಲಸದ ದಿನಾಂಕ, ಜಾಗ, ಬಣ್ಣ, ಅಳತೆಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟು ಮೇಲಿನವರ ಸಹಿ ಹಾಕಿಸಿಕೊಳ್ಳಿ. ಮುಂದೆ ಮೇಲಿನ ಹಂತಕ್ಕೆ ಅನುಭವದ ಪುರಾವೆ ಕೇಳಿದಾಗ ಈ ನೋಟ್‌ಬುಕ್ಕೇ ಆಧಾರ. ಕಂಪನಿ ಶುಲ್ಕ ಭರಿಸುವುದಾದರೆ ಇನ್ನೂ ಒಳ್ಳೆಯದು.

ಗುತ್ತಿಗೆದಾರರಿಗೂ ಒಂದು ಮಾತು. ಹತ್ತು ಜನರ ತಂಡದಲ್ಲಿ ಒಬ್ಬನನ್ನಾದರೂ ಇನ್‌ಸ್ಪೆಕ್ಟರ್ ತರಗತಿಗೆ ಕಳಿಸಿ. ಅವರು ನಿಮ್ಮ ಕೆಲಸಕ್ಕೆ ಅಂತಿಮ ಸಹಿ ಹಾಕುವಂತಿಲ್ಲ ನಿಜ. ಆದರೆ ಹೊರಗಿನ ಇನ್‌ಸ್ಪೆಕ್ಟರ್ ಬಂದು ತಿರಸ್ಕರಿಸುವ ಮೊದಲೇ ತಪ್ಪನ್ನು ಹಿಡಿದು ತಿದ್ದಬಲ್ಲರು. ಬಳಿದ ಬಣ್ಣವನ್ನು ಕೆರೆದು ಮತ್ತೆ ಬಳಿಯುವ ಒಂದು ಸಲದ ನಷ್ಟದಲ್ಲೇ ಆ ಶುಲ್ಕ ಹುಟ್ಟಬಹುದು. ಉಳಿದ ಒಂಬತ್ತು ಜನರಿಗೆ ಕನಿಷ್ಠ ಸರಿಯಾದ ಹೆಲ್ಮೆಟ್ ಮತ್ತು ವರ್ಷಕ್ಕೊಮ್ಮೆ ಎದೆಯ ತಪಾಸಣೆ ಕೊಡಿಸಿ. ಯಾವ ಪ್ರಮಾಣಪತ್ರ ವ್ಯವಸ್ಥೆಯೂ ಅದನ್ನು ಬಿಟ್ಟು ಮುಂದೆ ಹೋಗುವುದಿಲ್ಲ.